ಹಿಂದಿನಿಂದ ಬರುವ ಕಾರು

ಟಾಲಾ, ಡಬ್ಲಿನ್
24 ಏಪ್ರಿಲ್ 2025

ಭಾವ,

ರಿಂಗಾಸ್ಕಿಡಿಯ ಆಫೀಸಿನ ವಿಳಾಸಕ್ಕೆ ಕೈಬರಹದ ಕಾಗದ ಬಂದದ್ದು ನೋಡಿ ನಿಮ್ಮ ರಿಸೆಪ್ಷನ್ನಿನವರಿಗೆ ಆಶ್ಚರ್ಯವಾಗಿರಬೇಕು. ಮನೆಗೆ ಬರೆದರೆ ಅಕ್ಕ ಒಡೆದು ಓದುತ್ತಾಳೆ. ಮೆಸೇಜು ಕಳಿಸಿದರೂ ಅದೇ ಕಥೆ. ನಿಮ್ಮ ಕನ್ನಡಕ ಸಿಗದಿದ್ದಾಗ ಓದಿ ಹೇಳುವವಳು ಅವಳೇ. ಫೋನು ಮಾಡಿದರೆ ನೀವು ಎತ್ತುವುದಿಲ್ಲ. ವರ್ಷದಿಂದ ಎತ್ತುತ್ತಿಲ್ಲ. ನಾನೇನೋ ಅಂದಿರಬೇಕು, ನಿಮಗೆ ನೋವಾಗಿರಬೇಕು ಎಂದು ಹಿಂದಿನದೆಲ್ಲ ಕೆದಕಿ ನೋಡಿಕೊಂಡೆ. ಕೆದಕಿದರೆ ಏನಾದರೂ ಸಿಕ್ಕೇ ಸಿಗುತ್ತದೆ. ಆದರೆ ಕಾರಣ ಅದಲ್ಲ ಎಂದು ಮೊನ್ನೆ ಈಸ್ಟರ್ ಸೋಮವಾರ ತಿಳಿಯಿತು.

ಲಿಸ್ಮೋರಿನಿಂದ ವೀ ಗುಡ್ಡ ಹತ್ತುವಾಗ, ಆ ಕಾಡಿನ ತಿರುವುಗಳಲ್ಲಿ, ನಿಮ್ಮ ಸೈಕಲ್ಲು ಮುಂದೆ, ಏದುಸಿರು ಬಿಡುತ್ತ ನನ್ನದು ಹಿಂದೆ. ಒಂದು ಬಿಳಿ ವ್ಯಾನು ಬಂತು. ರೂಢಿಯಂತೆ ‘ಕಾರ್ ಬ್ಯಾಕ್’ ಎಂದು ಕೂಗಿದೆ. ನೀವು ಪೆಡಲಿನ ಮೇಲೆ ಎದ್ದು ನಿಂತು, ರಸ್ತೆಯ ನಡುವೆ ತೂಗಾಡುತ್ತ ಹತ್ತುತ್ತಿದ್ದಿರಿ. ‘ಭಾವಾ’ ಅಂದೆ. ‘ಭಾವಾ, ಹಿಂದೆ ವ್ಯಾನು’ ಎಂದು ಗಂಟಲು ಹರಿಯುವಂತೆ ಕೂಗಿದೆ. ಪೊದೆಯೊಳಗಿಂದ ಒಂದು ಹಕ್ಕಿ ಎದ್ದು ಹೋಯಿತು. ನೀವು ತಿರುಗಲಿಲ್ಲ. ವ್ಯಾನಿನವನು ಪುಣ್ಯಾತ್ಮ, ನಿಧಾನ ಮಾಡಿ, ಆ ಕಡೆಯವರು ಮಾಡುವಂತೆ ಸ್ಟಿಯರಿಂಗಿನಿಂದ ಒಂದೇ ಬೆರಳೆತ್ತಿ ದಾಟಿ ಹೋದ. ಅವನು ನಿಮ್ಮ ಮೊಣಕೈ ಪಕ್ಕ ಬಂದಾಗ ಹ್ಯಾಂಡಲು ನಡುಗಿದ್ದನ್ನು ನಾನು ನೋಡಿದೆ. ಮೇಲೆ ಹೋದ ಮೇಲೆ ‘ಏನು ಗಾಳಿಯಪ್ಪ’ ಅಂದಿರಿ. ಆ ಕಾಡಿನೊಳಗೆ ಎಲೆ ಅಲುಗುತ್ತಿರಲಿಲ್ಲ.

ಕೆರೆ ಕಾಣುವ ಕಡೆ ಕೂತಾಗ ನಾನೊಂದು ಸಣ್ಣತನ ಮಾಡಿದೆ. ನಿಮ್ಮ ಬಲಗಡೆ ಕೂತು ‘ಇನ್ನೊಂದು ಕೋಡುಬಳೆ ಕೊಡಿ’ ಅಂದೆ. ನೀವು ಕೆರೆ ನೋಡುತ್ತಿದ್ದಿರಿ. ಎದ್ದು ಎಡಗಡೆಗೆ ಬಂದು ಅದನ್ನೇ ಅಂದೆ. ಕೊಟ್ಟಿರಿ. ಮತ್ತೆ ಬಲಗಡೆಗೆ ಹೋಗಿ ಕೇಳಿದೆ. ಮತ್ತೆ ಕೆರೆ ನೋಡುತ್ತಿದ್ದಿರಿ.

ನಿಮಗೆ ಕಿವಿ ಕೇಳಿಸುತ್ತಿಲ್ಲ, ಭಾವ. ಇದನ್ನು ಬರೆಯುವುದಕ್ಕೇ ಇಷ್ಟೆಲ್ಲ ಸುತ್ತು ಹಾಕಿದೆ.

ಅಕ್ಕನಿಗೆ ಗೊತ್ತೆ? ನಿಮ್ಮ ಸೈಕಲ್ ಕ್ಲಬ್ಬಿನವರಿಗೆ? ನೀವು ಭಾನುವಾರ ಇಪ್ಪತ್ತು ಜನ ಜೋಡಿ ಜೋಡಿಯಾಗಿ, ಒಬ್ಬರ ಚಕ್ರಕ್ಕೆ ಒಬ್ಬರು ಅಂಟಿಕೊಂಡು ಹೋಗುತ್ತೀರಿ. ಹಿಂದಿನವನು ಕಾರು ನೋಡಿ ಕೂಗಿದ್ದು ಬಾಯಿಂದ ಬಾಯಿಗೆ ಮುಂದಕ್ಕೆ ಬರಬೇಕು, ಎಲ್ಲರೂ ಒಂದೇ ಸಾಲಾಗಬೇಕು. ಒಂದು ಕಿವಿ ಮುಚ್ಚಿದ್ದರೆ ಆ ಕೂಗು ಅಲ್ಲಿಗೇ ನಿಲ್ಲುತ್ತದೆ. ಸೋಮವಾರದಿಂದ ನಾನು ಇದನ್ನೇ ಯೋಚಿಸುತ್ತಿದ್ದೇನೆ.

ನಿಮ್ಮ
ಸಂಪತ್


ರಿಂಗಾಸ್ಕಿಡಿ
6 ಮೇ 2025

ಸಂಪತ್,

ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿದ್ದೀಯ, ಇಲ್ಲದಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ.

ಕೋಡುಬಳೆಯ ವಿಚಾರ: ನೀನು ಮೊದಲ ಸಲ ಕೇಳಿದ್ದೇ ಕೇಳಿಸಿತ್ತು. ಎರಡೇ ಉಳಿದಿದ್ದವು.

ಬಲಗಿವಿ ಸ್ವಲ್ಪ ಮಂದ. ವಯಸ್ಸು ಐವತ್ತಾರು. ಈ ವಯಸ್ಸಿನಲ್ಲಿ ಯಾವುದಾದರೂ ಒಂದು ಮಂದ ಇಲ್ಲದ ಗಂಡಸನ್ನು ತೋರಿಸು. ನಿನಗೆ ಮಂಡಿ, ನನಗೆ ಕಿವಿ. ಅಕ್ಕನಿಗೆ ಹೇಳಬೇಡ. ಮದುವೆಯಾದ ದಿನದಿಂದ ನಾನು ಅವಳ ಮಾತು ಕೇಳಿದವನಲ್ಲ ಎಂದು ಅವಳೇ ಸಾರಿಕೊಂಡು ಬಂದಿದ್ದಾಳೆ. ಹೊಸದಾಗಿ ತಿಳಿಯುವುದೇನೂ ಇಲ್ಲ.

ಕ್ಲಬ್ಬಿನ ಬಗ್ಗೆ ಹೆದರಬೇಡ. ನಾನು ಹಿಂದೆ ಇರುವುದೇ ಇಲ್ಲ. ಹಿಂದಿದ್ದವನು ಕಾರನ್ನು ಕೇಳಿಸಿಕೊಳ್ಳಬೇಕು, ಕೂಗಬೇಕು. ನಡುವೆ ಇದ್ದವನು ಕೂಗನ್ನು ದಾಟಿಸಬೇಕು. ಮುಂದೆ ಇದ್ದವನಿಗೆ ಗಾಳಿ ಒಡೆಯುವ ಕೆಲಸ ಒಂದೇ. ಅದು ಯಾರಿಗೂ ಬೇಡ. ನಾನು ನನ್ನ ಸರದಿ ಮುಗಿದರೂ ಹಿಂದೆ ಸರಿಯುವುದಿಲ್ಲ. ಕಾರ್ಯದರ್ಶಿ ಡೋನಲ್ ಎಲ್ಲರೆದುರು ನನ್ನ ಬೆನ್ನು ತಟ್ಟಿ, ‘ನಂಜೂ, ನಿನ್ನಂಥ ಇನ್ನೊಬ್ಬ ಇದ್ದಿದ್ದರೆ ನಾವೆಲ್ಲ ಮಲಗಿಕೊಂಡೇ ಗುಡ್ಡ ಹತ್ತುತ್ತಿದ್ದೆವು’ ಅನ್ನುತ್ತಾನೆ. ಇದನ್ನು ಅವನು ನನ್ನ ಎಡಗಡೆ ನಿಂತು ಹೇಳಿದ.

ಕಾರು ಬಂದದ್ದು ಗೊತ್ತಾಗುವುದು ಸುಲಭ. ಪಕ್ಕದವನ ಭುಜ ನೋಡುತ್ತೇನೆ. ಕೂಗು ಕೇಳಿದ ಕೂಡಲೆ ಮನುಷ್ಯನ ಭುಜ ಒಂದಿಷ್ಟು ಬಿಗಿಯುತ್ತದೆ, ಅವನಿಗೇ ಗೊತ್ತಿರುವುದಿಲ್ಲ. ಬಿಸಿಲಿದ್ದರೆ ಇನ್ನೂ ಸುಲಭ. ಹಿಂದಿನವರ ನೆರಳು ರಸ್ತೆಯ ಮೇಲೆ ಒಂದೇ ಸಾಲಿಗೆ ಬರುತ್ತದೆ. ನಾನೂ ಸಾಲಿಗೆ ಬರುತ್ತೇನೆ. ಇಷ್ಟು ದಿನ ನಡೆದಿದೆ.

ಕಾಗದ ಓದಿ ಹರಿದು ಹಾಕಿದ್ದೇನೆ. ನೀನೂ ಹಾಗೇ ಮಾಡು.

ನಂಜುಂಡಪ್ಪ


ಟಾಲಾ
15 ಮೇ 2025

ಭಾವ,

ಬಿಸಿಲೇ ಕಾಣದ ಈ ದೇಶದಲ್ಲಿ ನೆರಳನ್ನು ನಂಬಿ ಬದುಕುತ್ತೇನೆ ಅನ್ನುವವರು ನೀವೊಬ್ಬರೇ ಇರಬೇಕು. ವರ್ಷದಲ್ಲಿ ಎಷ್ಟು ದಿನ ನಿಮ್ಮ ಪ್ರಾಣ ಗಟ್ಟಿ?

ನಗಿಸಲು ಬರೆದೆ. ಬರೆದ ಮೇಲೆ ನಗು ಬರಲಿಲ್ಲ.

ಭಾನುವಾರ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ಮೇಲೆ ಉಣ್ಣೆಯ ಪಟ್ಟಿ ಕಟ್ಟಿ, ಹೆಲ್ಮೆಟ್ ಹಾಕಿ, ಸ್ಯಾಲಿ ಗ್ಯಾಪ್ ಕಡೆ ಒಬ್ಬನೇ ಹತ್ತಿದೆ. ಗೀತಾಗೆ ಹೇಳಲಿಲ್ಲ. ಹೆಂಡತಿಗೆ ಹೇಳದೆ ಮಾಡುವ ಕೆಲಸಗಳಲ್ಲಿ ಇದು ಯಾವ ಜಾತಿಯದೋ ಗೊತ್ತಿಲ್ಲ. ಮನೆಗಳು ಮುಗಿಯುವವರೆಗೆ ಏನೂ ಅನಿಸಲಿಲ್ಲ. ಮೇಲೆ, ಪೀಟ್ ಮಣ್ಣಿನ ಆ ಕಂದು ಬಯಲಿಗೆ ಬಂದಾಗ ನನ್ನ ಉಸಿರು ನನಗೆ ಒಳಗಡೆಯಿಂದ ಕೇಳತೊಡಗಿತು, ಪಕ್ಕದ ಕೋಣೆಯಲ್ಲಿ ಯಾರೋ ಕಾಯಿಲೆಯವರು ಮಲಗಿರುವ ಹಾಗೆ. ಕಾರುಗಳು ಬರುತ್ತಿರಲಿಲ್ಲ. ಇರುತ್ತಿದ್ದವು. ಇಲ್ಲ ಇಲ್ಲ ಎಂದುಕೊಂಡಷ್ಟರಲ್ಲಿ ಬಲಗಡೆ ಒಂದು ಬಾಗಿಲು, ಒಂದು ಕಿಟಕಿ, ಕಿಟಕಿಯೊಳಗೆ ಬಿಸ್ಕತ್ತು ತಿನ್ನುವ ಮಗು. ಹತ್ತು ಗಜಕ್ಕೊಮ್ಮೆ ತಿರುಗಿ ನೋಡಿದೆ. ನೋಡಿದಾಗೆಲ್ಲ ರಸ್ತೆ ಖಾಲಿ. ಕತ್ತು ನೋಯಿತು. ರಸ್ತೆಯ ಮೇಲೆ ಮಲಗಿದ್ದ ಕುರಿಗಳು ನನ್ನನ್ನು ನೋಡಿ ಏಳಲಿಲ್ಲ; ಅವುಗಳ ಲೆಕ್ಕದಲ್ಲೂ ನಾನು ಅಪಾಯವಲ್ಲ.

ಇದನ್ನು ನಿಮಗೆ ಹೇಳಬೇಕೋ ಬೇಡವೋ ಎಂದು ನಾಲ್ಕು ದಿನ ತಡೆದೆ. ಇಳಿಯುವಾಗ, ಸ್ವಲ್ಪ ದೂರ, ನಾನು ತಿರುಗಿ ನೋಡುವುದನ್ನು ಮರೆತೆ. ಯಾರೂ ನನ್ನನ್ನು ಕರೆಯುತ್ತಿರಲಿಲ್ಲ. ಕರೆದರೂ ನನ್ನ ತಪ್ಪಲ್ಲ. ಅಂಥ ಸುಖ ಈಚಿನ ವರ್ಷಗಳಲ್ಲಿ ನನಗೆ ಸಿಕ್ಕಿರಲಿಲ್ಲ. ನೀವು ಯಾಕೆ ಹೇಳುತ್ತಿಲ್ಲ ಎಂಬುದು ಅಲ್ಲಿ ಅರ್ಥವಾದಂತೆ ಅನಿಸಿತು, ಅರ್ಥವಾದದ್ದಕ್ಕೇ ಹೆದರಿಕೆಯಾಯಿತು.

ನಾನು ಹತ್ತಿ ತೆಗೆದರೆ ಕೇಳಿಸುತ್ತದೆ. ನೀವು ಏನು ತೆಗೆಯುತ್ತೀರಿ?

ಒಂದು ಸಲ ಪರೀಕ್ಷೆ ಮಾಡಿಸಿ. ದಯವಿಟ್ಟು.

ಸಂಪತ್


ರಿಂಗಾಸ್ಕಿಡಿ
27 ಮೇ 2025

ಸಂಪತ್,

ಪರೀಕ್ಷೆ ಚಳಿಗಾಲದಲ್ಲೇ ಆಗಿದೆ. ನಿನಗೆ ಹೇಳಿರಲಿಲ್ಲ. ಕಾರ್ಕಿನಲ್ಲಿ, ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿ, ಶಬ್ದ ಬಂದಾಗ ಗುಂಡಿ ಒತ್ತು ಅಂದರು. ಆ ಹುಡುಗಿ ಗಾಜಿನಾಚೆ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖ ನೋಡಿ ಒತ್ತಿದೆ. ಅವಳಿಗೆ ತಿಳಿಯಿತು, ಕುರ್ಚಿ ತಿರುಗಿಸಿ ಗೋಡೆಗೆ ಮುಖ ಮಾಡಿಸಿದಳು. ಬಲಗಿವಿ ಹೋಗಿದೆ. ಎಡಗಿವಿ ಹೋಗುತ್ತಿದೆ. ಕೊಟ್ಟ ಕಿವಿಯ ಮಷೀನು ಇಲ್ಲೇ ಆಫೀಸಿನ ಡ್ರಾಯರಿನಲ್ಲಿದೆ. ಸೈಕಲ್ಲಿನ ಮೇಲೆ ಹಾಕಿಕೊಂಡರೆ ಗಾಳಿ ಕಡಲಾಗುತ್ತದೆ. ಕೆಲಸದಲ್ಲಿ ಬೇಕಾಗುವುದಿಲ್ಲ, ಮೀಟಿಂಗುಗಳೆಲ್ಲ ಕಂಪ್ಯೂಟರಿನಲ್ಲಿ, ಆಡಿದ ಮಾತು ಪರದೆಯ ಕೆಳಗೆ ಅಕ್ಷರವಾಗಿ ಮೂಡುತ್ತದೆ. ನಿಮ್ಮಕ್ಕ ಮಾತಾಡುವಾಗ ಕೆಳಗೆ ಏನೂ ಮೂಡುವುದಿಲ್ಲ.

ನೀನು ನಮ್ಮ ಅಪ್ಪನನ್ನು ನೋಡಿಲ್ಲ. ನಂಜನಗೂಡಿನಲ್ಲಿ ಅವರಿಗೆ ಕಿವುಡು ಮೇಷ್ಟ್ರು ಎಂದೇ ಹೆಸರು. ಅವರೆದುರಿಗೇ ಜನ ಅವರ ಬಗ್ಗೆ ಮಾತಾಡಿಕೊಂಡು ನಗುತ್ತಿದ್ದರು. ಯಾರಾದರೂ ನಕ್ಕರೆ ತಾನೂ ನಗಬೇಕು ಎಂದು ಅಪ್ಪನೂ ನಗುತ್ತಿದ್ದರು. ನಾನು ಪಕ್ಕದಲ್ಲಿ ಚೀಲ ಹಿಡಿದುಕೊಂಡು ನಿಂತಿರುತ್ತಿದ್ದೆ, ನನಗೆ ಎಲ್ಲ ಕೇಳಿಸುತ್ತಿತ್ತು. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಈಗ ಇನ್ನೊಂದು. ಜೂನ್ ಇಪ್ಪತ್ತೆರಡರ ಭಾನುವಾರ ಕ್ಲಬ್ಬು ಹೊಸಬರನ್ನು ವೀ ಗುಡ್ಡಕ್ಕೆ ಕರೆದುಕೊಂಡು ಹೋಗುತ್ತದೆ. ಮುಂದಾಳು ನಾನು. ಡೋನಲ್ ಸಭೆಯಲ್ಲಿ ಹೆಸರು ಹೇಳಿದ, ಎಲ್ಲರೂ ಚಪ್ಪಾಳೆ ತಟ್ಟಿದರು, ಚಪ್ಪಾಳೆ ತಟ್ಟುವ ಕೈಗಳು ಕಂಡ ಮೇಲೆ ವಿಷಯ ತಿಳಿಯಿತು. ಆಗ ಬೇಡವೆನ್ನುವುದು ಹೇಗೆ?

ಎಲ್ಲರಿಗಿಂತ ನಿಧಾನದವರನ್ನು ಮುಂದಾಳಿನ ಪಕ್ಕ ಹಾಕುವುದು ಪದ್ಧತಿ, ಗುಂಪು ಅವರ ವೇಗಕ್ಕೆ ಹೋಗಲಿ ಎಂದು. ನನ್ನ ಪಕ್ಕ ರೆಶೆಲ್ ಎಂಬ ಹುಡುಗಿ. ಮಂಗಳೂರಿನವಳು, ಕಾರ್ಕಿನಲ್ಲಿ ನರ್ಸು. ಹೋದ ಭಾನುವಾರ ಮನೆಗೆ ಊಟಕ್ಕೆ ಬಂದಿದ್ದಳು. ‘ಅಂಕಲ್, ನಂಗೆ ಈ ಕೂಗುದು ಸಿಗ್ನಲ್ಲು ಎಂತದ್ದೂ ಗೊತ್ತಾಗುದಿಲ್ಲ. ನೀವು ಎಂತ ಮಾಡ್ತೀರೋ ನಾನೂ ಅದನ್ನೇ ಮಾಡುದು, ಆಯ್ತಾ?’ ಅಂದಳು. ತುಟಿ ಸ್ಪಷ್ಟವಾಗಿ ಆಡಿಸುತ್ತಾಳೆ, ಎಲ್ಲ ಮಾತೂ ತಿಳಿಯಿತು. ಆಯ್ತು ಅಂದೆ.

ಅವಳು ಹೋದ ಮೇಲೆ ಹೊಳೆಯಿತು. ಅವಳು ನನ್ನನ್ನು ನೋಡುತ್ತಿರುತ್ತಾಳೆ. ನಾನು ಅವಳ ಭುಜ ನೋಡುತ್ತಿರುತ್ತೇನೆ.

ನಂಜುಂಡಪ್ಪ


ಕ್ಯಾರಿಗಲೈನ್
5 ಜೂನ್ 2025

ಸಂಪತ್,

ಕಾಗದ ನೋಡಿ ಗಾಬರಿ ಬೀಳಬೇಡ, ಯಾರೂ ಸತ್ತಿಲ್ಲ. ಫೋನ್ ಮಾಡಿದ್ರೆ ನೀನು ಎತ್ತಲ್ಲ, ಮೆಸೇಜು ಹಾಕಿದ್ರೆ ‘ಬಿಜಿ ಅಕ್ಕ, ಆಮೇಲೆ’ ಅಂತೀಯ. ನಿನಗೂ ನಿನ್ನ ಭಾವನ ರೋಗ ಹತ್ತಿಕೊಂಡಿದೆ. ಕಾಗದ ಆದ್ರೆ ಓದಲೇಬೇಕಲ್ಲ.

ನಿಮ್ಮಿಬ್ಬರಿಗೂ ಈಸ್ಟರ್ ದಿವಸ ಏನು ಜಗಳ ಆಯ್ತು? ಅಂದಿನಿಂದ ನೀನು ನನ್ನ ಹತ್ತಿರ ಮಾತಾಡಿಲ್ಲ. ಅವರಂತೂ ಬಿಡು. ನಾನು ಸಿಂಕಿನ ಮುಂದೆ ನಿಂತು ಕ್ರೆಶ್‌ನಲ್ಲಿ ನಾನು ನೋಡ್ಕೊಳ್ಳೋ ಮಕ್ಕಳು ಏನು ಮಾಡಿದ್ವು ಅಂತ ಹೇಳ್ತಾ ಇರ್ತೀನಿ, ತಿರುಗಿ ನೋಡಿದ್ರೆ ಎದ್ದು ಹೋಗಿರ್ತಾರೆ. ಟೀವಿ ಜೋರಾಗಿ ಹಾಕ್ತಾರೆ, ನನ್ನ ದನಿ ಬೀಳಬಾರದು ಅಂತ. ಏನಾದ್ರೂ ಕೇಳಿದ್ರೆ ಎಲ್ಲದಕ್ಕೂ ‘ಹೂಂ’. ಮೊದಲು ಜಗಳ ಆದ್ರೂ ಆಡ್ತಿದ್ರು ಕಣೋ. ಈಗ ಅದಕ್ಕೂ ಯೋಗ್ಯಳಲ್ಲ ನಾನು.

ಹೋದ ವಾರ ಸೊಪ್ಪು ಬಿಡಿಸ್ತಾ ಹೇಳ್ದೆ. ವಾಟರ್‌ಫರ್ಡ್‌ಗೆ ಬಾ ಅಂತ ಅರ್ಪಿತಾ ಕರೀತಿದ್ದಾಳೆ, ನಿಮಗೆ ನಾನು ಬೇಡ ಅನ್ನಿಸಿದ್ರೆ ಮಗಳ ಹತ್ತಿರ ಹೋಗಿ ಅಲ್ಲೇ ಇದ್ದುಬಿಡ್ತೀನಿ ಅಂದೆ. ಬೇಡ ಕಣೆ ಅನ್ನಲಿ ಅಂತ ಹೇಳಿದ್ದು. ಪೇಪರಿನಿಂದ ತಲೆ ಎತ್ತದೆ ‘ಹೂಂ, ಸರಿ’ ಅಂದ್ರು. ಸರಿ ಅಂತೆ.

ಇದನ್ನ ಬರೆಯೋಕೆ ನಾಚಿಕೆ ಆಗುತ್ತೆ. ಕ್ಲಬ್ಬಿನ ಒಂದು ಹುಡುಗಿ ಊಟಕ್ಕೆ ಬಂದಿದ್ಲು, ರೆಶೆಲ್ ಅಂತ. ಒಳ್ಳೆ ಹುಡುಗಿ, ಪಾತ್ರೆ ತೊಳೆದು ಕೊಟ್ಟು ಹೋದ್ಲು. ಇವರು ಊಟ ಪೂರ್ತಿ ಅವಳ ಬಾಯನ್ನೇ ನೋಡ್ತಾ ಕೂತಿದ್ರು. ನನ್ನ ಮುಖ ಹಾಗೆ ನೋಡಿ ಎಷ್ಟು ವರ್ಷ ಆಯ್ತು. ಅವಳು ಮಗಳ ವಯಸ್ಸಿನವಳು, ನಾನು ಏನೂ ಅಂದುಕೊಳ್ತಿಲ್ಲ. ಆದ್ರೂ ನಿದ್ದೆ ಬರ್ತಿಲ್ಲ.

ನಿನಗೆ ಏನಾದ್ರೂ ಗೊತ್ತಿದ್ರೆ ಹೇಳು. ನೀನು ಅವರ ಜೊತೆ ಓಡಾಡಿದವನು. ಕೆಟ್ಟದ್ದಾದ್ರೂ ಪರವಾಗಿಲ್ಲ, ತಡ್ಕೋತೀನಿ. ಗೊತ್ತಿಲ್ಲದೆ ಇರೋದನ್ನ ತಡ್ಕೊಳ್ಳೋಕೆ ಆಗ್ತಿಲ್ಲ. ಹದಿನಾಲ್ಕಕ್ಕೆ ಅರ್ಪಿತಾ ಹತ್ತಿರ ಹೋಗ್ತಿದೀನಿ. ಅಲ್ಲಿಗೇ ಬರಿ.

ನಿನ್ನ ಅಕ್ಕ
ಶಕುಂತಲಾ


ಟಾಲಾ
10 ಜೂನ್ 2025

ಭಾವ,

ಅಕ್ಕನ ಕಾಗದ ಬಂತು. ಅದರಲ್ಲಿ ಇರುವುದನ್ನೆಲ್ಲ ನಿಮಗೆ ಬರೆಯುವುದು ಸರಿಯಲ್ಲ, ಬರೆಯದಿರುವುದೂ ಸರಿಯಲ್ಲ. ಸೊಪ್ಪು ಬಿಡಿಸುತ್ತ ಅವಳು ನಿಮಗೊಂದು ಮಾತು ಹೇಳಿದಳಂತೆ, ನೀವು ಸರಿ ಅಂದಿರಂತೆ. ಏನು ಹೇಳಿದಳು, ನಿಮಗೆ ಗೊತ್ತೆ? ನಿಮಗೆ ತಾನು ಬೇಡವಾಗಿದ್ದರೆ ಮನೆ ಬಿಟ್ಟು ಹೋಗುತ್ತೇನೆ ಎಂದು ಹೇಳಿದಳು. ಅದಕ್ಕೆ ನೀವು ಸರಿ ಅಂದಿರಿ. ಅವಳು ವಾಟರ್‌ಫರ್ಡಿಗೆ ಹೊರಟಿರುವುದು ಮಗಳನ್ನು ನೋಡಿಕೊಂಡು ಬರಲು ಎಂದು ನೀವು ತಿಳಿದಿರಬಹುದು.

ಅವಳಿಗೆ ಹೇಳಿ, ಭಾವ. ಡೋನಲ್‌ಗೂ ಹೇಳಿ. ಹೊಸಬರಿಗೆ ಬೇರೆ ಮುಂದಾಳು ಸಿಗುತ್ತಾನೆ.

ಅವಳು ನನ್ನನ್ನೂ ಕೇಳಿದ್ದಾಳೆ. ಏನೆಂದು ಬರೆಯಲಿ? ನಾಲ್ಕು ಸಲ ಶುರು ಮಾಡಿದೆ. ಬರೆದರೆ ನಿಮಗೆ ದ್ರೋಹ, ಬರೆಯದಿದ್ದರೆ ಅವಳಿಗೆ. ರಾತ್ರಿ ಮಲಗಿದರೆ ಆ ಬಿಳಿ ವ್ಯಾನು ಬರುತ್ತದೆ. ಸ್ಟಿಯರಿಂಗಿನಿಂದ ಬೆರಳೆತ್ತುತ್ತದೆ. ಹೋಗುವುದಿಲ್ಲ.

ನೀವು ಹೇಳುವುದೇ ಇಲ್ಲವೆಂದಾದರೆ ಇಪ್ಪತ್ತೆರಡಕ್ಕೆ ನಾನು ಬರುತ್ತೇನೆ. ರೆಶೆಲ್ ಹಿಂದೆ ಇರಲಿ. ನಿಮ್ಮ ಪಕ್ಕ ನಾನಿರುತ್ತೇನೆ. ಕೂಗು ಬಂದಾಗ ಮೊಣಕೈ ಮುಟ್ಟುತ್ತೇನೆ. ಯಾರಿಗೂ ತಿಳಿಯುವುದಿಲ್ಲ.

ಸಂಪತ್


ರಿಂಗಾಸ್ಕಿಡಿ
16 ಜೂನ್ 2025

ಸಂಪತ್,

ಬರಬೇಡ. ಪಕ್ಕದಲ್ಲಿ ನೀನಿದ್ದರೆ ನಾನು ನಿನ್ನನ್ನೇ ಕಾಯುತ್ತೇನೆ, ರಸ್ತೆಯನ್ನಲ್ಲ. ಅಪ್ಪನ ಪಕ್ಕ ಚೀಲ ಹಿಡಿದು ನಿಂತ ಹಾಗೆ ನೀನು ನಿಲ್ಲುವುದು ನನಗೆ ಬೇಡ.

ನಿಮ್ಮಕ್ಕ ಶನಿವಾರ ಹೋದಳು. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಏನೋ ಅಂದಳು. ಬೆಳಕು ಅವಳ ಬೆನ್ನ ಹಿಂದೆ ಇತ್ತು, ಮುಖ ಕಾಣಲಿಲ್ಲ. ನಾನು ಕೈ ಬೀಸಿದೆ. ನಿನ್ನ ಕಾಗದ ಕೈಗೆ ಬಂದದ್ದು ಇವತ್ತು. ಕಂಪನಿಯ ಟಪಾಲು ಕೋಣೆಯಲ್ಲಿ ಉಳಿದುಹೋಗಿತ್ತಂತೆ.

ಭಾನುವಾರ ಕಳೆಯಲಿ. ಚಪ್ಪಾಳೆ ತಟ್ಟಿದ್ದಾರೆ, ಒಂದು ಸಲ ಅವರನ್ನು ಗುಡ್ಡ ಹತ್ತಿಸಿ ಇಳಿಸಿಬಿಡುತ್ತೇನೆ. ಆಮೇಲೆ ನಾನೇ ವಾಟರ್‌ಫರ್ಡಿಗೆ ಹೋಗಿ ಅವಳಿಗೆ ಎಲ್ಲ ಹೇಳುತ್ತೇನೆ. ಅದು ನನ್ನ ಬಾಯಿಂದ ಬರಬೇಕು. ಅಲ್ಲಿಯವರೆಗೆ ನೀನು ಸುಮ್ಮನಿರು. ಇಷ್ಟು ವರ್ಷದಲ್ಲಿ ನಿನ್ನನ್ನು ಏನನ್ನಾದರೂ ಕೇಳಿದ್ದೇನೆಯೆ?

ನಂಜುಂಡಪ್ಪ


ಟಾಲಾ
18 ಜೂನ್ 2025

ಅಕ್ಕ,

ಕಾಗದ ತಲುಪಿತು. ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಇಲ್ಲಿ ಆಫೀಸಿನಲ್ಲಿ ಒಂದು ಸಾಫ್ಟ್‌ವೇರ್ ರಿಲೀಸ್ ಇತ್ತು, ಎರಡು ವಾರ ತಲೆ ಎತ್ತಲಾಗಲಿಲ್ಲ.

ಭಾವನಿಗೂ ನನಗೂ ಯಾವ ಜಗಳವೂ ಇಲ್ಲ. ನೀನು ಅಂದುಕೊಂಡಂಥದ್ದು ಏನೂ ಇಲ್ಲ. ಪ್ಲಾಂಟಿನಲ್ಲಿ ಅವರಿಗೆ ಕೆಲಸದ ಒತ್ತಡ ಇರಬೇಕು. ಈ ವಯಸ್ಸಿನಲ್ಲಿ ಗಂಡಸರು ಹೀಗೆ ಒಳಗೆ ಸರಿದುಬಿಡುತ್ತಾರೆ, ಗೀತಾ ನನ್ನ ಬಗ್ಗೆಯೂ ಇದನ್ನೇ ಹೇಳುತ್ತಾಳೆ. ಸ್ವಲ್ಪ ದಿನ ಅರ್ಪಿತಾ ಜೊತೆ ಆರಾಮವಾಗಿರು. ತಾನಾಗಿ ಸರಿಹೋಗುತ್ತದೆ.

ನಿನ್ನ ತಮ್ಮ
ಸಂಪತ್


ವಾಟರ್‌ಫರ್ಡ್
25 ಜೂನ್ 2025

ಸಂಪತ್,

ಇಲ್ಲಿಯ ಆಸ್ಪತ್ರೆಯಲ್ಲಿ ಕೂತು ಬರೆಯುತ್ತಿದ್ದೇನೆ. ನನಗೇನೂ ಆಗಿಲ್ಲ. ಮೊಣಕೈ ತರಚಿದೆ. ರೆಶೆಲ್‌ಳ ಭುಜದ ಮೂಳೆ ಮುರಿದಿದೆ. ಇವತ್ತು ಪ್ಲೇಟು ಹಾಕಿದರು.

ಭಾನುವಾರ ಕಾಡು ದಾಟಿ, ಬೋಳು ಗುಡ್ಡದ ರಸ್ತೆಗೆ ಬಂದಿದ್ದೆವು. ಮೋಡ ಕವಿದಿತ್ತು, ನೆರಳಿಲ್ಲ. ನಾನು ಬಲಗಡೆ, ಅವಳು ಎಡಗಡೆ, ಬೆನ್ನ ಹಿಂದೆ ಉಳಿದವರೆಲ್ಲ. ನಿಧಾನವಾಗಿ ಹತ್ತುತ್ತಿದ್ದೆವು. ಹಿಂದಿನಿಂದ ಕೂಗು ಬಂದಿದೆಯಂತೆ, ಒಬ್ಬೊಬ್ಬರೂ ದಾಟಿಸಿದ್ದಾರೆ, ಸಾಲಾಗಿದ್ದಾರೆ. ನಮ್ಮಿಬ್ಬರವರೆಗೆ ಬಂದಿದೆ. ಏನು ಮಾಡಬೇಕೆಂದು ರೆಶೆಲ್ ನನ್ನ ಮುಖ ನೋಡಿದಳು. ಅವಳು ನೋಡುವುದನ್ನು ನಾನು ನೋಡಿದೆ. ದಣಿದಿದ್ದಾಳೆ ಅಂದುಕೊಂಡೆ.

ನಾನು ನಕ್ಕೆ, ಸಂಪತ್. ಇನ್ನೇನು ಬಂತು, ಸ್ವಲ್ಪವೇ ಇದೆ ಎನ್ನುವ ಹಾಗೆ. ಅವಳೂ ನಕ್ಕು ಪಕ್ಕದಲ್ಲೇ ಉಳಿದಳು.

ಕಾರಿನ ಕನ್ನಡಿ ನನ್ನ ಮೊಣಕೈಗೆ ತಾಗಿತು. ನಾನು ಎಡಕ್ಕೆ ಎಳೆದೆ. ಅವಳ ಚಕ್ರ ಮುಟ್ಟಿತು. ಅವಳು ಚರಂಡಿಯೊಳಕ್ಕೆ, ಕಲ್ಲುಗೋಡೆಯ ಮೇಲಕ್ಕೆ. ಬಾಯಿ ತೆರೆದಿದ್ದಳು. ಕಿರುಚಿರಬೇಕು.

ಆಮೇಲೆ ನಡೆದದ್ದನ್ನು ಕೇಳು. ಪೊಲೀಸು ಗಾರ್ಡ ಬಂದ, ಒಳ್ಳೆಯ ಹುಡುಗ. ಕಾರು ಬಂದದ್ದು ನಿಮಗೆ ಕೇಳಿಸಿತೆ ಎಂದು ಕೇಳಿದ. ಇಲ್ಲ ಅಂದೆ. ಸತ್ಯವನ್ನೇ ಹೇಳಿದೆ. ಅವನು ತಲೆಯಾಡಿಸಿ, ಈಗಿನ ಎಲೆಕ್ಟ್ರಿಕ್ ಕಾರುಗಳೇ ಹೀಗೆ, ಯಾರಿಗೂ ಕೇಳಿಸುವುದಿಲ್ಲ ಎಂದು ಬರೆದುಕೊಂಡ. ಡೋನಲ್ ಎಲ್ಲರೆದುರು ನನ್ನ ಕೈ ಹಿಡಿದುಕೊಂಡು, ಏಟು ತಿಂದರೂ ನಂಜೂ ಬೀಳಲಿಲ್ಲ, ಅವನು ಬಿದ್ದಿದ್ದರೆ ಹಿಂದಿನವರೆಲ್ಲ ಅವನ ಮೇಲೆ ರಾಶಿ ಬೀಳುತ್ತಿದ್ದರು ಅಂದ. ಮತ್ತೆ ಚಪ್ಪಾಳೆ.

ರೆಶೆಲ್ ಈಗ ಎಚ್ಚರವಾಗಿದ್ದಾಳೆ. ‘ಅಂಕಲ್, ನೀವು ನಕ್ಕಿದ್ದು ನೋಡಿ ನಂಗೆ ಧೈರ್ಯ ಬಂತು’ ಅಂದಳು. ತುಟಿ ಸ್ಪಷ್ಟವಾಗಿ ಆಡಿಸುತ್ತಾಳೆ ಎಂದು ಹೇಳಿದ್ದೆನಲ್ಲ. ಅವಳಿಗೆ ಹೇಳಿದೆ. ಎಲ್ಲ ಹೇಳಿದೆ. ನನ್ನನ್ನು ನೋಡಿ, ಪೆಟ್ಟಾಗದ ಕೈಯನ್ನು ಚಾದರದೊಳಗೆ ಎಳೆದುಕೊಂಡಳು.

ಬಾಗಿಲಲ್ಲಿ ಅರ್ಪಿತಾ ಬಂದು ನಿಂತಿದ್ದಾಳೆ. ಅವಳು ಇಂಗ್ಲಿಷಿನಲ್ಲಿ ಬೇಗ ಬೇಗ ಮಾತಾಡುತ್ತಾಳೆ. ಎಲ್ಲರಿಗಿಂತ ಮೊದಲು ಕಳೆದುಹೋದದ್ದು ಅವಳ ಮಾತೇ. ಕೈಯಿಂದ ಕೆಳಗೆ ತೋರಿಸುತ್ತಿದ್ದಾಳೆ. ಅವಳಮ್ಮ ಕಾರಿನಲ್ಲಿದ್ದಾಳೆ. ಹೋಗುತ್ತೇನೆ.

ನಂಜುಂಡಪ್ಪ


ಕ್ಯಾರಿಗಲೈನ್
8 ಜುಲೈ 2025

ಸಂಪತ್,

ಹತ್ತು ಸಲ ಫೋನ್ ಮಾಡಿದೀಯ. ನೋಡಿದೆ. ಅರ್ಪಿತಾ ಹತ್ತಿರವೂ ಹೇಳಿ ಕಳಿಸಿದೆಯಂತೆ. ಇನ್ನು ಮಾಡಬೇಡ.

ಅವರು ಆಸ್ಪತ್ರೆ ಕಾರ್ ಪಾರ್ಕಿನಲ್ಲಿ ಹೇಳಿದ್ರು. ಮಳೆ ಬರ್ತಿತ್ತು, ವೈಪರ್ ಆಫ್ ಮಾಡು, ನಿನ್ನ ಮುಖ ಕಾಣ್ಬೇಕು ಅಂದ್ರು. ಯಾಕೆ ಅಂತ ತಿಳೀಲಿಲ್ಲ. ವೈಪರಿಗೂ ನನ್ನ ಮುಖಕ್ಕೂ ಏನು ಸಂಬಂಧ? ಅವರಿಗೆ ಅದೊಂದು ಅಲುಗಾಡಿದ್ರೂ ಕಣ್ಣು ಆ ಕಡೆ ಹೋಗುತ್ತಂತೆ. ಆಮೇಲೆ ಹೇಳಿದ್ರು. ನಾನು ಚೆನ್ನಾಗಿ ಬೈದೆ. ಅರ್ಪಿತಾ ಅಲ್ಲೇ ಹಿಂದಿನ ಸೀಟಿನಲ್ಲಿ ‘ಮ್ಯಾಮ್, ಸ್ಟಾಪ್’ ಅಂತಿದ್ಲು. ಇವರು ಒಂದೊಂದು ಬೈಗುಳನೂ ಬಿಡದೆ ನೋಡ್ತಿದ್ರು.

ಮರುದಿನವೇ ಮನೆಗೆ ಬಂದೆ. ಈಗ ಮಾತಾಡಬೇಕಾದ್ರೆ ಅವರ ಎದುರಿಗೆ ಹೋಗಿ ನಿಲ್ತೀನಿ. ಜಗಳ ಆಡೋಕೂ ಒಲೆ ಆರಿಸಿ ಎದುರಿಗೆ ಹೋಗ್ಬೇಕು, ಅಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತೆ. ಮಷೀನು ಮನೆಗೆ ತಂದಿದ್ದಾರೆ. ಹಾಕ್ಕೋತಾರೆ, ತೆಗೀತಾರೆ. ಕುಕ್ಕರ್ ಕೂಗಿದ್ರೆ ಬೆಚ್ಚಿಬೀಳ್ತಾರೆ. ಡೋನಲ್ ಮನೆಗೆ ನಾವಿಬ್ಬರೂ ಹೋಗಿದ್ವಿ. ಇವರು ನಿಂತುಕೊಂಡೇ ಹೇಳಿದ್ರು, ಅವನು ಚಹಾ ಮಾಡೋದನ್ನ ಬಿಟ್ಟು ಕೂತುಬಿಟ್ಟ. ಕ್ಲಬ್ಬಿನ ಜರ್ಸಿ ವಾಪಸ್ ಕೊಟ್ಟು ಬಂದ್ರು. ಬೇಡ ಇಟ್ಕೊ ಅಂತ ಅವನು ಅನ್ನಲಿಲ್ಲ. ಸೈಕಲ್ಲು ಗ್ಯಾರೇಜಿನಲ್ಲಿದೆ, ನಾನು ಆ ಕಡೆ ಹೋಗಲ್ಲ. ಅವರು ಬೆಳಿಗ್ಗೆ ಹೋಗಿ ಟೈರಿನಲ್ಲಿ ಗಾಳಿ ಇದೆಯಾ ಅಂತ ಒತ್ತಿ ನೋಡಿ ಬರ್ತಾರೆ. ರೆಶೆಲ್‌ಗೆ ದಿನಾ ಊಟ ತಗೊಂಡು ಹೋಗಿ ಕೊಡ್ತೀನಿ. ಬಾಗಿಲಲ್ಲೇ ತಗೋತಾಳೆ, ಥ್ಯಾಂಕ್ಸ್ ಆಂಟಿ ಅಂತಾಳೆ. ಅವಳ ಬಗ್ಗೆ ನಾನು ನಿನಗೆ ಏನು ಬರೆದಿದ್ದೆ ಅನ್ನೋದು ನೆನಪಾದ್ರೆ ಅವಳ ಮುಖ ನೋಡದೆ ತಟ್ಟೆ ಕೊಟ್ಟು ಬಂದುಬಿಡ್ತೀನಿ.

ಮಾತಿನ ಮಧ್ಯೆ ಇವರು ಅಂದ್ರು, ‘ಸಂಪತ್‌ಗೆ ಈಸ್ಟರಿನಿಂದ ಗೊತ್ತಿತ್ತು, ಪಾಪ, ಎಷ್ಟು ಸಲ ಹೇಳ್ದ’ ಅಂತ. ನಿನ್ನನ್ನ ಹೊಗಳೋಕೆ ಹೇಳಿದ್ದು.

ನಿನ್ನ ಕಾಗದ ತೆಗೆದು ಮತ್ತೆ ಓದ್ದೆ. ಕೆಲಸದ ಒತ್ತಡ. ಈ ವಯಸ್ಸಿನ ಗಂಡಸರು. ತಾನಾಗಿ ಸರಿಹೋಗುತ್ತದೆ. ಅದನ್ನ ನಂಬಿಕೊಂಡು ನಾನು ಮಗಳ ಮನೆಯಲ್ಲಿ ಕಿಟಕಿ ಹತ್ತಿರ ಕೂತಿದ್ದೆ, ನನ್ನಲ್ಲಿ ಏನು ಕಡಿಮೆ ಆಯ್ತು ಅಂತ ಯೋಚನೆ ಮಾಡ್ತಾ. ಆ ಭಾನುವಾರ ಅವರು ಆ ಹುಡುಗೀನ ಪಕ್ಕದಲ್ಲಿ ಹಾಕ್ಕೊಂಡು ಗುಡ್ಡ ಹತ್ತುತ್ತಿದ್ರು. ನೀನು ಟಾಲಾದಲ್ಲಿದ್ದೆ.

ಅವರು ಹೇಳಲಿಲ್ಲ, ನನಗೆ ಅರ್ಥ ಆಗುತ್ತೆ. ಅವರಪ್ಪನ ವಿಷಯ ನನಗೂ ಗೊತ್ತು. ನಾನು ನಿನ್ನನ್ನ ಕೇಳಿದ್ದೆ. ಕಾಗದದಲ್ಲಿ ಬರೆದು ಕೇಳಿದ್ದೆ.

ಅವರಿಗೆ ಕೇಳಿಸ್ತಿರಲಿಲ್ಲ. ನಿನಗೆ ಕೇಳಿಸ್ತಿತ್ತು.

ಶಕುಂತಲಾ